ಬೋನು ಹೊರಡುವ ಮುನ್ನ: ಹೊಸ ಗಸ್ತು ಅರಣ್ಯ ಪಾಲಕರಿಗೆ ಬಹಿರಂಗ ಪತ್ರ

ಮೈಸೂರು, ಮಂಡ್ಯ, ಚಾಮರಾಜನಗರ, ತುಮಕೂರು, ಹಾಸನ ಸೀಮೆಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿರುವ ಗಸ್ತು ಅರಣ್ಯ ಪಾಲಕರಿಗೆ ಮತ್ತು ಅರಣ್ಯ ವೀಕ್ಷಕರಿಗೆ,



ತರಬೇತಿ ಮುಗಿಸಿ ಗಸ್ತಿಗೆ ಬಂದ ಸ್ವಲ್ಪ ದಿನಕ್ಕೇ ನಿಮ್ಮಲ್ಲಿ ಬಹುತೇಕರಿಗೆ ಆ ಫೋನ್ ಬರುತ್ತದೆ. 'ಸಾರ್, ನಮ್ ತೋಟದ್ ಹತ್ರ ಚಿರತೆ ಐತೆ. ನಾಯಿ ಹೊತ್ಕೊಂಡ್ ಹೋಗೈತೆ. ಬೇಗ ಬೋನು ತಂದಿಡಿ.' ಮಾತಾಡುವವರ ದನಿಯಲ್ಲಿ ಇರುವುದು ನಿಜವಾದ ಭಯ. ಸಂಜೆಯೊಳಗೆ ಪಂಚಾಯಿತಿ ಸದಸ್ಯರು ಫೋನ್ ಮಾಡುತ್ತಾರೆ. ರಾತ್ರಿಯಾಗುವಷ್ಟರಲ್ಲಿ ಯಾರೋ ತೆಗೆದ ಮಸುಕು ವಿಡಿಯೊ ಸುತ್ತಲಿನ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಓಡಾಡಿರುತ್ತದೆ. ಮಾರನೆಯ ಬೆಳಿಗ್ಗೆ ವಲಯ ಕಚೇರಿಯ ಹಿತ್ತಲಲ್ಲಿದ್ದ ಕಬ್ಬಿಣದ ಬೋನು ಟ್ರ್ಯಾಕ್ಟರ್ ಏರಿ ಊರಿನತ್ತ ಹೊರಡುತ್ತದೆ. ಅದರ ಜೊತೆ ಹೋಗುವವರು ನೀವು.

ಬೋನನ್ನು ಎಲ್ಲಿ ಇಳಿಸಬೇಕು, ಬಾಗಿಲಿನ ಕೊಕ್ಕೆ ಹೇಗೆ ಸಿಕ್ಕಿಸಬೇಕು ಎಂಬುದನ್ನು ಹಳೆಯ ವಾಚರ್ ಒಬ್ಬರು ಅರ್ಧ ಗಂಟೆಯಲ್ಲಿ ತೋರಿಸಿಕೊಡುತ್ತಾರೆ. ಅಷ್ಟು ಕಲಿತರೆ ಬೋನು ಇಡುವುದು ಬಂದಂತೆಯೇ. ಆ ಅರ್ಧ ಗಂಟೆಯಲ್ಲಿ ಬಾರದ ಸಂಗತಿಗಳಿಗಾಗಿ ಈ ಪತ್ರ. ಯಾವ ಪ್ರಾಣಿಗಾಗಿ ಬೋನು, ಯಾಕೆ ಬೋನು, ಬಿದ್ದ ಮೇಲೆ ಆ ಪ್ರಾಣಿ ಎಲ್ಲಿಗೆ ಹೋಗುತ್ತದೆ? ಇವಕ್ಕೆ ಉತ್ತರ ಗೊತ್ತಿಲ್ಲದೆ ಇಟ್ಟ ಬೋನಿನಿಂದ ಚಿರತೆಗೆ ಆಗುವ ಹಾನಿ ಕಣ್ಣಿಗೆ ಕಾಣುತ್ತದೆ. ಊರಿಗೆ ಆಗುವ ಹಾನಿ ತಡವಾಗಿ, ಬೇರೆ ಊರಿನಲ್ಲಿ, ಬೇರೆಯವರ ಮನೆಯಲ್ಲಿ ಕಾಣುತ್ತದೆ. ನೆರೆಯ ಮಹಾರಾಷ್ಟ್ರ ಇದನ್ನು ಜನರ ಜೀವ ತೆತ್ತು ಕಲಿತಿದೆ.

ಪುಣೆ ಜಿಲ್ಲೆಯ ಜುನ್ನರ್ ಸೀಮೆಗೆ ಮಂಡ್ಯದವರು ಹೋದರೆ ಅಪರಿಚಿತ ಅನಿಸುವುದಿಲ್ಲ. ಅಣೆಕಟ್ಟೆಯ ನೀರು, ಕಾಲುವೆ, ಕಣ್ಣು ಹಾಯುವವರೆಗೂ ಕಬ್ಬು, ಗದ್ದೆಗಳ ನಡುವೆ ಒಂಟಿ ಮನೆಗಳು. 2001ರ ಹೊತ್ತಿಗೆ ಅಲ್ಲಿ ಚಿರತೆಗಳನ್ನು ಹಿಡಿದು ಸಾಗಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಶುರುವಾಯಿತು. 29 ಚಿರತೆಗಳನ್ನು ಸರಾಸರಿ 40 ಕಿ.ಮೀ. ದೂರದ ಕಾಡುಗಳಿಗೆ ಒಯ್ದು ಬಿಟ್ಟರು. ಊರಿನ ಚಿರತೆ ಕಾಡಿಗೆ ಹೋಯಿತು, ಅಲ್ಲಿಗೆ ಕಥೆ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಜೊತೆಗಾರರು ದಾಖಲೆಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದಾಗ ಕಂಡದ್ದು ಬೇರೆಯೇ. 1993ರಿಂದ 2001ರವರೆಗೆ ಜನರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿದ್ದ ಕಡೆ, ಸ್ಥಳಾಂತರ ಶುರುವಾದ ಮೇಲೆ, 2003ರ ವೇಳೆಗೆ, ಆ ಸರಾಸರಿ 17ಕ್ಕೆ ಏರಿತ್ತು. ಸಾವಿನಲ್ಲಿ ಮುಗಿದ ದಾಳಿಗಳ ಪಾಲು ಇಮ್ಮಡಿಯಾಗಿತ್ತು. ಚಿರತೆಗಳನ್ನು ಬಿಟ್ಟ ಕಾಡುಗಳ ಆಸುಪಾಸಿನಲ್ಲಿ, ಹಿಂದೆ ಇಂಥದ್ದು ನಡೆಯದಿದ್ದ ಕಡೆಗಳಲ್ಲೂ, ಜನರ ಮೇಲೆ ದಾಳಿ ಆರಂಭವಾಗಿತ್ತು. 2011ರಲ್ಲಿ ಅಚ್ಚಾದ ಆ ಅಧ್ಯಯನ ಇಂದು ಬೋನು ಮುಟ್ಟುವ ಪ್ರತಿಯೊಬ್ಬರಿಗೂ ಮೊದಲ ಪಾಠವಾಗಬೇಕು.

ಹೀಗಾಗಲು ಕಾರಣ ಚಿರತೆಯ ಬದುಕಿನಲ್ಲೇ ಇದೆ. ಅದಕ್ಕೆ ತನ್ನದೇ ಸೀಮೆ ಉಂಟು. ಯಾವ ಮೋರಿಯಲ್ಲಿ ಹಗಲು ಮಲಗಬಹುದು, ಹಾಲು ಹಾಕಲು ಜನ ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಬರುತ್ತಾರೆ, ಯಾವ ಮನೆಯ ನಾಯಿ ಹೊರಗೆ ಮಲಗುತ್ತದೆ ಎಂಬುದೆಲ್ಲ ಅದಕ್ಕೆ ಗೊತ್ತು. ಗೊತ್ತಿರುವುದರಿಂದಲೇ ಜನರ ಕಣ್ಣಿಗೆ ಬೀಳದೆ ಬದುಕುತ್ತದೆ. ಅಂಥದ್ದನ್ನು ಹಿಡಿದು, ಬೋನಿನಲ್ಲಿ ಹೆದರಿಸಿ, ಗುರುತಿಲ್ಲದ ಕಾಡಿನಲ್ಲಿ ಇಳಿಸಿದರೆ ಅದು ಇನ್ನೊಂದು ಚಿರತೆಯ ಸೀಮೆ. ಹೊಡೆದಾಡಬೇಕು, ಇಲ್ಲವೇ ಓಡಬೇಕು. ಹೊರಟ ದಾರಿಯಲ್ಲಿ ಸಿಗುವ ಊರುಗಳೆಲ್ಲ ಅದಕ್ಕೆ ಹೊಸವು. ಇತ್ತ ತೆರವಾದ ಜಾಗಕ್ಕೆ ಮತ್ತೊಂದು ಚಿರತೆ ಬರುತ್ತದೆ. ಅನೇಕ ವೇಳೆ ಅದು ಜಾಗ ಹುಡುಕುತ್ತ ಅಲೆಯುವ ಎಳೆಯ ಪ್ರಾಯದ ಗಂಡು, ಆ ಊರಿನ ದಾರಿ ಹೊತ್ತುಗಳ ಪರಿಚಯವಿಲ್ಲದ್ದು. 'ಅದೇ ಚಿರತೆ ವಾಪಸ್ ಬಂತು' ಎಂದು ಊರಿನವರು ಮತ್ತೆ ಫೋನ್ ಮಾಡುತ್ತಾರೆ. ಮತ್ತೆ ಬೋನು ಟ್ರ್ಯಾಕ್ಟರ್ ಏರುತ್ತದೆ.

ಚಿರತೆ ಎಷ್ಟು ದೂರ ನಡೆಯಬಲ್ಲದು ಎಂಬುದಕ್ಕೂ ಮಹಾರಾಷ್ಟ್ರದಲ್ಲೇ ಸಾಕ್ಷಿ ಇದೆ. 2009ರಲ್ಲಿ, ಆಗ ಅಹ್ಮದ್‌ನಗರ ಎನ್ನುತ್ತಿದ್ದ ಜಿಲ್ಲೆಯ ಟಾಕಳಿ ಢೋಕೇಶ್ವರದ ಬಾವಿಯೊಂದಕ್ಕೆ ವಯಸ್ಸಾದ ಗಂಡು ಚಿರತೆ ಬಿತ್ತು. ಮೇಲೆತ್ತಿ, ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಳಶೇಜ್ ಘಾಟಿಯಲ್ಲಿ ಬಿಟ್ಟರು. ಸಂಶೋಧಕರು ಅದನ್ನು ಅಜೋಬಾ ಎಂದು ಕರೆದರು. ಹೆದ್ದಾರಿ, ರೈಲು ಹಳಿ, ಕಾರ್ಖಾನೆ ಪ್ರದೇಶ, ವಸಾಯಿಯ ಹಿನ್ನೀರು ಎಲ್ಲವನ್ನೂ ದಾಟಿ, ಸುಮಾರು 120 ಕಿ.ಮೀ. ನಡೆದು, ಒಂದು ತಿಂಗಳೊಳಗೆ ಅದು ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ತಲುಪಿತು. ದಾರಿಯಲ್ಲಿ ಯಾರನ್ನೂ ಮುಟ್ಟಲಿಲ್ಲ. 2011ರ ಕೊನೆಯಲ್ಲಿ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು. 'ಪಕ್ಕದ ತಾಲ್ಲೂಕಿನ ಕಾಡಿಗೆ ಬಿಟ್ಟು ಬಂದೆವು, ಇನ್ನು ಚಿಂತೆ ಇಲ್ಲ' ಎಂದು ಯಾರಾದರೂ ಅಂದಾಗ ಈ ಮುದಿ ಚಿರತೆಯ ನಡಿಗೆ ನೆನಪಿಗೆ ಬರಲಿ.

ಕಾಡಿನ ಪ್ರಾಣಿ ಊರಿಗೆ ಬಂದಿದೆ ಎಂಬ ಮಾತನ್ನೂ ಸ್ವಲ್ಪ ತಡೆದು ನೋಡಬೇಕು. ಅಜೋಬಾ ಬಾವಿಗೆ ಬಿದ್ದ ಅದೇ ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ಚದರ ಕಿಲೊಮೀಟರಿಗೆ 300ಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ. ಅಲ್ಲಿನ ಹೊಲಗದ್ದೆಗಳಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಎಣಿಸಿದಾಗ ನೂರು ಚದರ ಕಿಲೊಮೀಟರಿಗೆ ಐದರ ಸಮೀಪ ವಯಸ್ಕ ಚಿರತೆಗಳು ಸಿಕ್ಕವು. ಅವು ದಾರಿ ತಪ್ಪಿ ಬಂದ ಅತಿಥಿಗಳಾಗಿರಲಿಲ್ಲ. ಆ ಕಬ್ಬಿನಲ್ಲೇ ಹುಟ್ಟಿ ಬೆಳೆದವು. 2024ರಲ್ಲಿ ಬಿಡುಗಡೆಯಾದ ರಾಷ್ಟ್ರೀಯ ವರದಿ ಕರ್ನಾಟಕದಲ್ಲಿ 1,879 ಚಿರತೆಗಳಿವೆ ಎಂದು ಅಂದಾಜಿಸಿದೆ. ನಿಮ್ಮ ಗಸ್ತಿನ ಕುರುಚಲು ಗುಡ್ಡ, ಬಂಡೆ ಸಾಲು, ಕಾಲುವೆ ಏರಿಗಳಲ್ಲೂ ಚಿರತೆ ಇರುವುದು ಅಸಹಜವೇನಲ್ಲ. ಕೇಂದ್ರ ಪರಿಸರ ಸಚಿವಾಲಯ 2011ರಲ್ಲೇ ಹೊರಡಿಸಿದ ಮಾರ್ಗಸೂಚಿಯ ನಿಲುವೂ ಇದೇ: ಕಣ್ಣಿಗೆ ಬಿದ್ದ ಮಾತ್ರಕ್ಕೆ ಚಿರತೆಯನ್ನು ಹಿಡಿಯಬೇಕಿಲ್ಲ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗುಂಡು ಹೊಡೆಯುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಲು ಹಾಕುವುದು, ಬೋನಿಗೆ ಬೀಳಿಸುವುದು, ಆಸೆ ತೋರಿಸಿ ಕರೆಯುವುದು, ಇವುಗಳಿಗೆ ಯತ್ನಿಸುವುದು ಎಲ್ಲವೂ ಬೇಟೆಯೇ. ಮೊದಲ ಅನುಸೂಚಿಯಲ್ಲಿರುವ ಚಿರತೆಯನ್ನು ಹಿಡಿಯಲು 11ನೇ ಸೆಕ್ಷನ್ನಿನಡಿ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು, ಅದರಲ್ಲಿ ಕಾರಣ ಬರೆದಿರಬೇಕು. ಆ ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿಯಾಗಿರಬೇಕು, ಇಲ್ಲವೇ ಚೇತರಿಸಿಕೊಳ್ಳಲಾಗದಷ್ಟು ಗಾಯ ಅಥವಾ ರೋಗದಿಂದ ನರಳುತ್ತಿರಬೇಕು. ನಾಯಿ ಹೊತ್ತೊಯ್ದದ್ದು ಇದರಲ್ಲಿ ಬರುವುದಿಲ್ಲ. ಹಿಡಿಯುವ, ಸಾಗಿಸುವ ಕ್ರಿಯೆ ಪ್ರಾಣಿಗೆ ಆದಷ್ಟು ಕಡಿಮೆ ಆಘಾತವಾಗುವಂತೆ ನಡೆಯಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಹಿಡಿದ ಪ್ರಾಣಿಯನ್ನು ಕಾಡಿಗೆ ಮರಳಿಸಲು ಸಾಧ್ಯವೇ ಇಲ್ಲ ಎಂದು ಕಾರಣ ಸಹಿತ ಬರೆದ ಹೊರತು ಅದನ್ನು ಕೂಡಿಹಾಕುವಂತೆಯೂ ಇಲ್ಲ. ಆದೇಶದ ಪ್ರತಿ ನಿಮ್ಮ ಜೇಬಿನಲ್ಲಿ ಇರಲಿ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಮೊದಲ ಪ್ರಶ್ನೆ ಬರುವುದು ಸ್ಥಳದಲ್ಲಿದ್ದವರಿಗೆ.

ಇಷ್ಟನ್ನು ಓದಿ, ಬೋನೇ ಬೇಡ ಎನ್ನುವ ಪತ್ರ ಇದು ಎಂದುಕೊಳ್ಳಬೇಡಿ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ, ಮೂರು ತಿಂಗಳು ತುಂಬುವ ಮೊದಲೇ, ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ವಿದ್ಯಾರ್ಥಿಗಳಿದ್ದರು, ಒಬ್ಬ ಪುಟ್ಟ ಹುಡುಗನಿದ್ದ, ವಯಸ್ಸಾದ ಹೆಂಗಸೊಬ್ಬರಿದ್ದರು. ಸಂಜೆ ಆರಕ್ಕೆ ಊರುಗಳು ಬಾಗಿಲು ಹಾಕಿಕೊಂಡವು. ಅಂಥ ಕಡೆ ಚಿರತೆ ಹಿಡಿಯುವುದು ಇಲಾಖೆಯ ಕರ್ತವ್ಯ, ತಡಮಾಡುವುದು ತಪ್ಪು. ಅದಾದ ಮೇಲೆಯೇ ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರೂಪುಗೊಂಡಿತು. ಆದರೆ ಆ ಭಯದ ದಿನಗಳಲ್ಲೂ ಎದುರಿಗಿದ್ದ ಕಷ್ಟದ ಪ್ರಶ್ನೆ, ಬೋನಿಗೆ ಬಿದ್ದದ್ದು ದಾಳಿ ಮಾಡಿದ ಚಿರತೆಯೇ ಹೌದೇ ಎಂಬುದು. ಬೇರೆ ಚಿರತೆ ಬಿದ್ದು, ಊರಿನವರು ನಿಟ್ಟುಸಿರು ಬಿಟ್ಟು ಮತ್ತೆ ಕತ್ತಲಲ್ಲಿ ಓಡಾಡಲು ಶುರುಮಾಡಿದರೆ ಅಪಾಯ ಮೊದಲಿಗಿಂತ ಹೆಚ್ಚು.

ಅದಕ್ಕೇ ಬೋನಿಗಿಂತ ಮೊದಲು ಕ್ಯಾಮೆರಾ ಟ್ರ್ಯಾಪ್. ಒಂದು ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸ ಇನ್ನೊಂದಕ್ಕೆ ಇರುವುದಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ನಾಗರಹೊಳೆಯಲ್ಲಿ ಹುಲಿಯ ಪಟ್ಟೆ ನೋಡಿ ಎಣಿಸುವ ಕ್ರಮವನ್ನು ರೂಢಿಗೆ ತಂದರು. ಚುಕ್ಕೆ ನೋಡಿ ಚಿರತೆಯನ್ನು ಗುರುತಿಸುವುದೂ ಅದೇ ಬಗೆಯದು. ಪಕ್ಕೆಯ ಎಡ, ಬಲ ಎರಡೂ ಕಡೆಯ ಚುಕ್ಕೆ ಬೇರೆ ಬೇರೆ ಇರುವುದರಿಂದ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟಬೇಕು, ಚಿರತೆಯ ಪಕ್ಕೆಯ ಎತ್ತರಕ್ಕೆ. ಹುಲ್ಲು ಅಲುಗಾಡಿ ಸಾವಿರ ಖಾಲಿ ಚಿತ್ರ ಬೀಳದಂತೆ ಮುಂದಿನ ಜಾಗ ಸವರಿರಬೇಕು. ಘಟನೆ ನಡೆದ ಜಾಗದ ಸುತ್ತ ಎಷ್ಟು ಚಿರತೆ ಓಡಾಡುತ್ತಿವೆ, ಗಂಡೆಷ್ಟು, ಹೆಣ್ಣೆಷ್ಟು, ಮರಿ ಇವೆಯೇ ಎಂಬುದು ಕೆಲವು ರಾತ್ರಿಗಳಲ್ಲಿ ತಿಳಿಯುತ್ತದೆ. ಜೊತೆಗೆ ಹಳೆಯ ವಾಚರುಗಳು ಹೇಳಿಕೊಡುವ ಹೆಜ್ಜೆ ಓದುವ ಕೆಲಸ. ಕಾಲುವೆ ಏರಿಯ ಮೆತ್ತನೆ ಮಣ್ಣಿನಲ್ಲಿ, ಗಾಡಿ ದಾರಿಯ ಧೂಳಿನಲ್ಲಿ, ಬೆಳಗಿನ ಓರೆ ಬಿಸಿಲು ಬೀಳುವ ಹೊತ್ತಿನಲ್ಲಿ ಹೆಜ್ಜೆ ಚೆನ್ನಾಗಿ ಕಾಣುತ್ತದೆ. ಉಗುರಿನ ಗುರುತು ಮೂಡಿದ್ದರೆ ಸಾಮಾನ್ಯವಾಗಿ ಅದು ನಾಯಿ ಅಥವಾ ಕತ್ತೆಕಿರುಬ. ಬೆಕ್ಕಿನ ಜಾತಿಯವು ಉಗುರು ಒಳಗೆಳೆದುಕೊಂಡು ನಡೆಯುತ್ತವೆ. ಚಿರತೆ ಎಂದು ಬರುವ ಎಷ್ಟೋ ಕರೆಗಳು ಈ ಹಂತದಲ್ಲೇ ಕಾಡುಬೆಕ್ಕೋ ಪುನುಗು ಬೆಕ್ಕೋ ಆಗಿ ಮುಗಿದುಹೋಗುತ್ತವೆ.

ಈಗ ಬೋನಿನ ಬಳಿಗೆ ಬರೋಣ.

ಚಿರತೆ ಬೋನು ಎಂದರೆ ಉದ್ದನೆಯ ಕಬ್ಬಿಣದ ಪೆಟ್ಟಿಗೆ. ಒಂದು ತುದಿಯಲ್ಲಿ ಮೇಲಿನಿಂದ ಬೀಳುವ ಬಾಗಿಲು, ಇನ್ನೊಂದು ತುದಿಯಲ್ಲಿ ಮೇಕೆಗೋ ನಾಯಿಗೋ ಪ್ರತ್ಯೇಕ ಕೋಣೆ, ನಡುವೆ ತುಳಿದರೆ ಕೊಕ್ಕೆ ಕಳಚುವ ಹಲಗೆ. ನೋಡಲು ಸರಳ. ಆದರೆ ಒಂದೊಂದು ಭಾಗದಲ್ಲೂ ಒಂದೊಂದು ಜೀವದ ಪ್ರಶ್ನೆ ಅಡಗಿದೆ. ಸರಳುಗಳ ನಡುವೆ ಮೂತಿ ತೂರುವಷ್ಟು ಸಂದು ಇದ್ದರೆ ಚಿರತೆ ಸರಳನ್ನು ಕಚ್ಚಿ ಎಳೆಯುತ್ತದೆ, ಕೋರೆಹಲ್ಲು ಬುಡಕ್ಕೇ ಮುರಿಯುತ್ತದೆ. ಕೋರೆ ಇಲ್ಲದ ಚಿರತೆ ಬೇಟೆಯ ಕೊರಳು ಹಿಡಿಯಲಾರದು. ಒಂದೋ ಆಯಸ್ಸು ಪೂರ್ತಿ ಪುನರ್ವಸತಿ ಕೇಂದ್ರದ ಕೋಣೆ, ಇಲ್ಲವೇ ಹೊರಗೆ ಸುಲಭದ ತುತ್ತಿಗಾಗಿ ಹಟ್ಟಿಗಳ ಸುತ್ತ ಅಲೆದಾಟ. ಬೆಸುಗೆ ಹಾಕುವಾಗ ಉಳಿದ ಚೂಪು ತುದಿ, ತುಕ್ಕು ಹಿಡಿದು ಎದ್ದ ತಗಡಿನ ಅಂಚು ಹಣೆಯನ್ನೂ ಪಂಜವನ್ನೂ ಸೀಳುತ್ತವೆ. ಬಾಗಿಲು ನೆಲಕ್ಕೆ ಬಿಗಿಯಾಗಿ ಕೂತರೆ ಬಾಲ ಜಜ್ಜಿಹೋಗುತ್ತದೆ. ಕೆಳಗೆ ತುಸು ಸಂದು, ಅಂಚಿಗೆ ರಬ್ಬರ್ ಪಟ್ಟಿ ಇರಬೇಕು. ಬೋನು ಕಚೇರಿಯಿಂದ ಹೊರಡುವ ಮುಂಚೆ ಒಮ್ಮೆ ಅದರೊಳಗೆ ಕೈಯಾಡಿಸಿ ನೋಡಿ. ನಿಮ್ಮ ಅಂಗೈಗೆ ಚುಚ್ಚುವುದು ಅದರ ಮುಖಕ್ಕೂ ಚುಚ್ಚುತ್ತದೆ. ಬಾಗಿಲನ್ನು ಹತ್ತಾರು ಸಲ ಬೀಳಿಸಿ ನೋಡಿ. ಅರ್ಧಕ್ಕೆ ಸಿಕ್ಕಿಕೊಳ್ಳುವ ಬಾಗಿಲಿಗಿಂತ ಬೋನು ಇಲ್ಲದಿರುವುದೇ ವಾಸಿ. ಒಮ್ಮೆ ಬೆನ್ನ ಮೇಲೆ ಬಾಗಿಲು ಬಿದ್ದು ತಪ್ಪಿಸಿಕೊಂಡ ಚಿರತೆ ಮತ್ತೆ ಬೋನಿನ ಹತ್ತಿರ ಸುಳಿಯುವುದು ಕಷ್ಟ.

ಜಾಗದ ಆಯ್ಕೆಯಲ್ಲಿ ಹೊಸಬರು ಸಾಮಾನ್ಯವಾಗಿ ಊರಿನವರು ಬೆರಳು ತೋರಿಸಿದ ಕಡೆ ಇಳಿಸಿಬಿಡುತ್ತಾರೆ. ಇಳಿಸಬೇಕಾದದ್ದು ಹೆಜ್ಜೆಯೂ ಕ್ಯಾಮೆರಾವೂ ತೋರಿಸಿದ ಕಡೆ, ನೆರಳಿನಲ್ಲಿ, ನೆಲ ಸಮನಾಗಿರುವಲ್ಲಿ, ಅಲುಗಾಡದಂತೆ. ಬಯಲಿನಲ್ಲಿ ಇಟ್ಟ ಕಬ್ಬಿಣದ ಬೋನು ಬೇಸಿಗೆ ಮಧ್ಯಾಹ್ನ ಕಾದ ಹೆಂಚಿನಂತಾಗುತ್ತದೆ. ಒಳಗೆ ಸಿಕ್ಕ ಪ್ರಾಣಿ ಬಿಸಿಲಿನ ಝಳಕ್ಕೇ ಸಾಯಬಹುದು. ಮೇಲೆ ಸೊಪ್ಪು, ತಳಕ್ಕೆ ಮಣ್ಣು ಮತ್ತು ಹುಲ್ಲು, ಪಕ್ಕಕ್ಕೆ ಹಸಿರು ಬಲೆ ಹಾಕಿದರೆ ಕಬ್ಬಿಣದ ಹೊಳಪೂ ಮಾಯವಾಗುತ್ತದೆ, ಬಿಸಿಯೂ ತಗ್ಗುತ್ತದೆ. ಮೇಕೆಯ ಕೋಣೆಗೆ ಚಿರತೆಯ ಪಂಜ ತಲುಪದಂತೆ ಗಟ್ಟಿ ಜಾಲರಿ ಇರಲೇಬೇಕು. ಅದಕ್ಕೆ ದಿನಾ ನೀರು, ಸೊಪ್ಪು ಹಾಕಬೇಕು. ಆ ಮೂಕ ಜೀವವೂ ನಿಮ್ಮ ಹೊಣೆಯೇ. ಎಚ್ಚರಿಕೆಯ ಫಲಕ ತೂಗುಹಾಕುವುದು ಬರೀ ಶಾಸ್ತ್ರಕ್ಕಲ್ಲ. 2023ರಲ್ಲಿ ಉತ್ತರ ಪ್ರದೇಶದ ಬುಲಂದಶಹರ್ ಬಳಿ ಚಿರತೆಗೆಂದು ಇಟ್ಟ ಬೋನಿನೊಳಗೆ ಕೋಳಿ ಹಿಡಿಯಲು ಹೋದವರೊಬ್ಬರು ತಾವೇ ಸಿಕ್ಕಿಕೊಂಡಿದ್ದರು. ನಮ್ಮಲ್ಲಿ ಕುತೂಹಲಕ್ಕೆ ಬೋನಿನೊಳಗೆ ಇಣುಕುವ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ.

ಇಟ್ಟ ಬೋನನ್ನು ನೋಡದೆ ಬಿಡುವುದಕ್ಕಿಂತ ದೊಡ್ಡ ಬೇಜವಾಬ್ದಾರಿ ಈ ಕೆಲಸದಲ್ಲಿ ಇನ್ನೊಂದಿಲ್ಲ. ನಸುಕಿನಲ್ಲಿ, ಊರಿನವರು ಏಳುವ ಮೊದಲು, ದೂರದಿಂದಲೇ ನೋಡಿ ಬರಬೇಕು. ಬಾಗಿಲು ಬಿದ್ದ ತಕ್ಷಣ ಮೊಬೈಲಿಗೆ ಸಂದೇಶ ಕಳಿಸುವ ಸಾಧನಗಳು ಈಗ ಸಿಗುತ್ತವೆ, ಮೇಲಧಿಕಾರಿಗಳ ಬಳಿ ಪಟ್ಟು ಹಿಡಿದು ಕೇಳಿ. ಏಕೆಂದರೆ ಚಿರತೆಗೆ ಆಗುವ ಗಾಯಗಳಲ್ಲಿ ಹೆಚ್ಚಿನವು ಬಾಗಿಲು ಬಿದ್ದ ಕ್ಷಣದಲ್ಲಿ ಆಗುವಂಥವಲ್ಲ. ಬೆಳಕು ಹರಿದು ಜನ ಸೇರಿದ ಮೇಲೆ ಆಗುತ್ತವೆ. ರಾತ್ರಿ ಸಿಕ್ಕಿಬಿದ್ದ ಚಿರತೆ ಸ್ವಲ್ಪ ಹೊತ್ತು ಹಾರಾಡಿ ಮೂಲೆಗೆ ಸರಿದು ಮುದುಡಿಕೊಂಡಿರುತ್ತದೆ. ಬೆಳಿಗ್ಗೆ ಮೊದಲು ಒಬ್ಬ, ಆಮೇಲೆ ಹತ್ತು ಜನ, ಒಂಬತ್ತು ಗಂಟೆಯ ಹೊತ್ತಿಗೆ ಜಾತ್ರೆ. ಒಬ್ಬ ಮೊಬೈಲ್ ಚಾಚುತ್ತಾನೆ, ಇನ್ನೊಬ್ಬ ಕೋಲಿನಿಂದ ತಿವಿಯುತ್ತಾನೆ. ಪ್ರತಿ ಕೂಗಿಗೂ ಅದು ಸರಳಿಗೆ ಹಣೆ ಬಡಿಯುತ್ತದೆ, ಮೂಗಿನ ಮೇಲಿನ ಚರ್ಮ ಕಿತ್ತು ರಕ್ತ ಇಳಿಯುತ್ತದೆ, ಬಾಯಿಂದ ನೊರೆ ಬರುತ್ತದೆ. ಅದೇ ಬೋನಿನ ಮೇಲೆ ದಪ್ಪ ಟಾರ್ಪಾಲು ಎಳೆದು, ಗಾಳಿಯಾಡಲು ಕೆಳಗೆ ಸ್ವಲ್ಪ ಬಿಟ್ಟು, ಜನರನ್ನು ದೂರ ಕಳಿಸಿದರೆ ಗುರ್‌ಗುರ್ ಸದ್ದು ಬೇಗನೆ ಇಳಿಯುತ್ತದೆ. ಕಾಣದಿದ್ದರೆ ಅದು ಸುಮ್ಮನಾಗುತ್ತದೆ. ಟಾರ್ಪಾಲು ಬೋನಿನ ಜೊತೆಯಲ್ಲೇ ಇರಲಿ, ಆಮೇಲೆ ತರಿಸುತ್ತೇವೆ ಎಂಬ ಮಾತು ಬೇಡ.

ಅರಿವಳಿಕೆ ಮದ್ದು ಪಶುವೈದ್ಯರ ಕೆಲಸ, ಅದರ ಹತ್ತಿರ ಬೇರೆ ಯಾರೂ ಹೋಗಬಾರದು. ಸಾಮಾನ್ಯವಾಗಿ ಬಳಸುವ ಕೆಟಮಿನ್ ಮತ್ತು ಝೈಲಜಿನ್ ಮಿಶ್ರಣ ಸಿನಿಮಾದಲ್ಲಿ ತೋರಿಸುವಂತೆ ಸೂಜಿ ಚುಚ್ಚಿದ ಕೂಡಲೇ ಕೆಲಸ ಮಾಡುವುದಿಲ್ಲ. ನಿಮಿಷಗಳು ಹಿಡಿಯುತ್ತವೆ. ಹೆದರಿ ಉದ್ರೇಕಗೊಂಡ ಪ್ರಾಣಿಗೆ ಇನ್ನೂ ಹೊತ್ತು ಬೇಕು. ಆ ನಿಮಿಷಗಳಲ್ಲೇ ಅನಾಹುತಗಳು ಆಗುವುದು. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಶಾಲೆಯೊಂದಕ್ಕೆ ಚಿರತೆ ನುಗ್ಗಿದಾಗ ಸಾವಿರಾರು ಜನ ಸುತ್ತ ನೆರೆದಿದ್ದರು. ಚಿರತೆಗಳನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದ ಸಂಜಯ್ ಗುಬ್ಬಿ ಅವರೂ ಅಂದು ಗಾಯಗೊಂಡರು. ಬನ್ನೇರುಘಟ್ಟಕ್ಕೆ ಸಾಗಿಸಿದ ಆ ಚಿರತೆ ಒಂದು ವಾರದ ಮೇಲೆ ಅಲ್ಲಿಂದಲೂ ತಪ್ಪಿಸಿಕೊಂಡಿತು. 2023ರ ನವೆಂಬರ್ 1ರಂದು ಕೂಡ್ಲು ಗೇಟ್ ಬಳಿ ಪಾಳುಕಟ್ಟಡದಲ್ಲಿ ಸಿಲುಕಿದ್ದ ಚಿರತೆ ಪಶುವೈದ್ಯರ ಮೇಲೆ ಎರಗಿತು. ಕೊನೆಗೆ ಗುಂಡೇಟಿಗೆ ಸತ್ತಿತು. ಎರಡೂ ಕಡೆ ಇದ್ದವರು ಅನುಭವಿಗಳೇ. ಗೋಡೆಗಳ ನಡುವೆ, ಹಗಲಿನಲ್ಲಿ, ಗದ್ದಲದ ಮಧ್ಯೆ ಸಿಕ್ಕಿಬಿದ್ದ ಚಿರತೆಯ ಎದುರು ಅನುಭವವೂ ಸೋಲುತ್ತದೆ. ಅಂಥ ಸಂದರ್ಭದಲ್ಲಿ ಹೊಸಬರು ಮಾಡಬಹುದಾದ ಅತಿ ಮುಖ್ಯ ಕೆಲಸ ಪೊಲೀಸರ ಜೊತೆ ನಿಂತು ಜನರನ್ನು ಹಿಂದೆ ಸರಿಸುವುದು. ಹೊರಹೋಗುವ ದಾರಿ ತೆರೆದಿಟ್ಟು ಕತ್ತಲಾಗುವವರೆಗೆ ಸುಮ್ಮನಿದ್ದರೆ ತಾನಾಗಿ ಹೊರಟುಹೋಗುವ ಚಿರತೆಗಳೂ ಉಂಟು.

ಉರುಲಿನ ಮಾತು ಹೇಳಲೇಬೇಕು. ಹಂದಿ ಕಾಟಕ್ಕೆ ಬೇಲಿಯ ಸಂದಿನಲ್ಲಿ ಬೈಕಿನ ಕ್ಲಚ್ ವೈರ್ ಕಟ್ಟುವ ಅಭ್ಯಾಸ ಹಲವು ಕಡೆ ಇದೆ. ಸಿಗುವುದು ಹಂದಿಯೊಂದೇ ಅಲ್ಲ. ಸೊಂಟಕ್ಕೆ ವೈರ್ ಬಿಗಿದುಕೊಂಡ ಚಿರತೆ ಎಳೆದಷ್ಟೂ ಅದು ಒಳಗೆ ಇಳಿಯುತ್ತದೆ. ಹೊರಗೆ ಗೆರೆಯಷ್ಟೇ ಕಂಡರೂ ಒಳಗಿನ ಅಂಗಗಳು ನಜ್ಜುಗುಜ್ಜಾಗಿರಬಹುದು. ಹತ್ತಿರ ಹೋದರೆ ಅದು ಹಾರುತ್ತದೆ, ಆ ಎಳೆತಕ್ಕೆ ವೈರ್ ತುಂಡಾದರೆ ಎದುರಿಗಿರುವವರ ಗತಿ ಏನು? ಉರುಲು ಕಂಡರೆ ದೂರ ನಿಂತು ವೈದ್ಯರನ್ನು ಕರೆಯಬೇಕು, ಬಿಡಿಸಿದ ಮೇಲೆ ಕೂಡಲೇ ಕಾಡಿಗೆ ಬಿಡದೆ ಕೆಲವು ದಿನ ನಿಗಾ ಇಡಬೇಕು. ಗಸ್ತಿನಲ್ಲಿ ಬೇಲಿ ಸಾಲು ಹಿಡಿದು ನಡೆದು ವೈರ್ ಕಿತ್ತು ಹಾಕುವುದು ಯಾರ ಕಣ್ಣಿಗೂ ಬೀಳದ ಕೆಲಸ. ಆದರೂ ಬೋನು ಇಡುವುದಕ್ಕಿಂತ ಹೆಚ್ಚು ಜೀವ ಉಳಿಸುವ ಕೆಲಸ.

ಬೋನಿಗೆ ಬಿದ್ದದ್ದು ಹೆಣ್ಣಾದರೆ ಮೊದಲು ಮೊಲೆ ನೋಡಬೇಕು. ಹಾಲಿದ್ದರೆ ಎಲ್ಲೋ ಹತ್ತಿರದಲ್ಲಿ, ಕಬ್ಬಿನಲ್ಲೋ ಬಂಡೆ ಸಂದಿನಲ್ಲೋ, ಮರಿಗಳು ಕಾಯುತ್ತಿವೆ ಎಂದೇ ಅರ್ಥ. ತಾಯಿಯನ್ನು ಲಾರಿಗೆ ಏರಿಸಿ ಕಳಿಸಿದರೆ ಮರಿಗಳು ಹಸಿವಿನಿಂದ ಸಾಯುತ್ತವೆ, ಇಲ್ಲವೇ ಸ್ವಲ್ಪ ದೊಡ್ಡವಾಗಿದ್ದರೆ ಬೇಟೆ ಕಲಿಯದೆ ಕೋಳಿ ಗೂಡುಗಳ ಸುತ್ತ ಸುತ್ತುತ್ತವೆ. ಚಿರತೆ ಮರಿ ಒಂದೂವರೆ ಎರಡು ವರ್ಷ ತಾಯಿಯ ಜೊತೆ ಇದ್ದು ಬದುಕು ಕಲಿಯುವ ಪ್ರಾಣಿ. ಕಬ್ಬು ಕಟಾವಿನ ಕಾಲದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಕೂಲಿಯವರು ಕುಡುಗೋಲು ಬೀಸುತ್ತ ಬಂದಂತೆ ಕಬ್ಬಿನ ತರಗಿನ ನಡುವೆ ಬೆಕ್ಕಿನ ಮರಿಯಷ್ಟೇ ದೊಡ್ಡ ಮರಿಗಳು ಸಿಗುತ್ತವೆ. 'ತಾಯಿ ಬಿಟ್ಟುಹೋಗಿದೆ' ಎನ್ನುತ್ತಾರೆ. ಬಿಟ್ಟುಹೋಗಿರುವುದಿಲ್ಲ, ಜನರಿಗೆ ಹೆದರಿ ಪಕ್ಕದ ಗದ್ದೆಯಲ್ಲಿ ಅವಿತಿರುತ್ತದೆ. ಜುನ್ನರ್‌ನಲ್ಲಿ ಅರಣ್ಯ ಇಲಾಖೆಯೂ ಮಾಣಿಕ್‌ದೋಹ್ ಚಿರತೆ ಕೇಂದ್ರದ ವೈದ್ಯರೂ ಸೇರಿ ರೂಢಿಸಿದ ಕ್ರಮ ನಮ್ಮ ಮಂಡ್ಯ, ಮೈಸೂರಿನಲ್ಲೂ ನಡೆದುಬರುತ್ತಿದೆ. ಮರಿಗಳ ಆರೋಗ್ಯ ನೋಡಿ, ಸಂಜೆ ಅದೇ ಜಾಗದಲ್ಲಿ ಪೆಟ್ಟಿಗೆಯೊಳಗೆ ಇಟ್ಟು, ಕ್ಯಾಮೆರಾ ಕಟ್ಟಿ ದೂರ ಸರಿಯುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗುತ್ತದೆ. ಮೊದಲ ರಾತ್ರಿ ಬಾರದಿದ್ದರೆ ಮರುರಾತ್ರಿ ಮತ್ತೆ ಇಡಬೇಕು. ಗದ್ದೆಯ ಮಾಲೀಕರನ್ನು ಒಪ್ಪಿಸಿ ಕಟಾವು ಎರಡು ದಿನ ನಿಲ್ಲಿಸುವುದು ಇದರಲ್ಲಿ ಅತಿ ಕಷ್ಟದ ಭಾಗ, ಮತ್ತು ಅದು ನಿಮ್ಮ ಮಾತಿನಿಂದಲೇ ಆಗಬೇಕು.

ಊರಿನವರ ಸಿಟ್ಟು ಸುಳ್ಳಲ್ಲ. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ತಡವಾಯಿತೆಂದು ರೊಚ್ಚಿಗೆದ್ದ ಜನ ಹುಲಿಗೆಂದು ತಂದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಒಳಗಿದ್ದವರು ನಿಮ್ಮಂಥ ಕೆಳಹಂತದ ನೌಕರರು. ಅದು ಅನ್ಯಾಯ. ಹಸು ಕಳೆದುಕೊಂಡವರಿಗೆ ಪರಿಹಾರದ ಕಡತ ತಿಂಗಳುಗಟ್ಟಲೆ ಕದಲದಿರುವುದೂ ಅನ್ಯಾಯವೇ. ಜನರ ನಂಬಿಕೆ ಗಳಿಸಲು ಬೋನಿಗಿಂತ ಆ ಕಡತ ದೊಡ್ಡ ಸಾಧನ. ಮೇಕೆ ಸತ್ತ ದಿನವೇ ಹೋಗಿ, ಪಶುವೈದ್ಯರನ್ನು ಕರೆಸಿ, ಮಹಜರು ಬರೆದು, ಅರ್ಜಿ ತುಂಬಿಸಿ ಬಂದರೆ ಆ ಮನೆಯವರು ಮುಂದಿನ ಸಲ ನಿಮ್ಮ ಮಾತು ಕೇಳುತ್ತಾರೆ. ಆಗ ಹೇಳಬಹುದಾದ್ದು ಬಹಳ ಇದೆ. ಕೊಟ್ಟಿಗೆಗೆ ಬಾಗಿಲಿದ್ದು ಮೇಲೆ ಜಾಲರಿ ಇಲ್ಲದಿದ್ದರೆ ಚಿರತೆ ಮೇಲಿನಿಂದ ಇಳಿಯುತ್ತದೆ. ಕೋಳಿ ಅಂಗಡಿಯ ಕಸ ಊರಾಚೆ ಸುರಿದರೆ ಬೀದಿನಾಯಿ ಹೆಚ್ಚುತ್ತವೆ, ನಾಯಿಯ ಹಿಂದೆಯೇ ಚಿರತೆ ಬರುತ್ತದೆ. ಮುಸ್ಸಂಜೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಅಂಗಡಿಗೆ ಕಳಿಸಬಾರದು. ಬಯಲಿಗೆ ಹೋಗುವ ದಾರಿಯಲ್ಲಿ ಬೆಳಕಿರಬೇಕು.

ಖಾಲಿ ಬೋನಿನ ಮುಂದೆ ನಿಂತು ಬೈಗುಳ ತಿನ್ನುವ ದಿನಗಳೂ ಬರುತ್ತವೆ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಚಿರತೆ ಕಂಡಾಗ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆ ತರಿಸಿದರು, ಬೋನುಗಳನ್ನಿಟ್ಟರು. ವಾರಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೊಸಿಸ್ ಆವರಣದ ಸಿಸಿಟಿವಿಯಲ್ಲಿ ಕಂಡ ಚಿರತೆಯೂ ಡ್ರೋನ್, ಬೋನು, ಕ್ಯಾಮೆರಾಗಳ ನಡುವೆ ಕಾಣೆಯಾಯಿತು. ಎರಡೂ ಕಡೆ ಅದು ಯಾರ ಜೀವವನ್ನೂ ತೆಗೆಯಲಿಲ್ಲ. ಬಂದ ಹಾಗೆ ಹೋಯಿತು. ಇಂಥದ್ದನ್ನು ಇಲಾಖೆಯ ಸೋಲು ಎಂದು ಬರೆಯುವ ಪತ್ರಿಕೆಗಳು, ಹಾಗೆ ಕೂಗುವ ಟಿ.ವಿ. ವಾಹಿನಿಗಳು ತಮ್ಮ ಮಾತನ್ನು ಮತ್ತೊಮ್ಮೆ ತೂಗಿ ನೋಡಬೇಕು.

ಕೊನೆಯದಾಗಿ, ದಾಖಲೆ. ಬೋನಿಗೆ ಬಿದ್ದ ಚಿರತೆಯ ಎರಡೂ ಪಕ್ಕೆಯ ಚಿತ್ರ, ಕೋರೆಹಲ್ಲಿನ ಸ್ಥಿತಿ, ಗಾಯಗಳು, ಬಿದ್ದ ವೇಳೆ, ಬಿಟ್ಟ ಜಾಗ, ವೈದ್ಯರು ಚರ್ಮದಡಿ ಮೈಕ್ರೋಚಿಪ್ ಹಾಕಿದ್ದರೆ ಅದರ ಸಂಖ್ಯೆ ಇಷ್ಟನ್ನು ಅಂದೇ ಬರೆದಿಡಿ. ಚಿಪ್ ಇದ್ದದ್ದರಿಂದಲೇ ಜುನ್ನರ್‌ನಲ್ಲಿ ಒಮ್ಮೆ ಹಿಡಿದು ಬಿಟ್ಟ ಚಿರತೆ ಮತ್ತೆ ಬೋನಿಗೆ ಬಿದ್ದಾಗ ಗುರುತು ಸಿಕ್ಕಿತು. ಅದೇ ವಹಿಯಲ್ಲಿ ಇನ್ನೊಂದು ಪುಟವನ್ನೂ ತೆರೆಯಿರಿ: ಕರೆ ಬಂದರೂ ಬೋನು ಇಡದೆ ಬಿಟ್ಟ ಪ್ರಕರಣಗಳದು. ಯಾರು ಕರೆದರು, ಹೆಜ್ಜೆ ಯಾವುದಿತ್ತು, ಕ್ಯಾಮೆರಾ ಏನು ತೋರಿಸಿತು, ಊರಿನವರಿಗೆ ಏನು ಹೇಳಿದಿರಿ, ಆರು ತಿಂಗಳಲ್ಲಿ ಮುಂದೇನಾಯಿತು. ಸದ್ಯಕ್ಕೆ ಇಂಥ ಪುಟ ಕಚೇರಿಗಳಲ್ಲಿ ಕಾಣಸಿಗುವುದು ಅಪರೂಪ. ಹಿಡಿದ ಚಿರತೆಗಳ ಲೆಕ್ಕ ವರದಿಗಳಿಗೆ ಸೇರುತ್ತದೆ, ಹಿಡಿಯದೆ ಬಗೆಹರಿದ ಕರೆಗಳ ಲೆಕ್ಕ ಎಲ್ಲಿಗೂ ಸೇರುವುದಿಲ್ಲ. ನಿಮ್ಮ ಜಾಗಕ್ಕೆ ಮುಂದೆ ವರ್ಗವಾಗಿ ಬರುವ ಹೊಸಬರಿಗೆ, ಬೋನು ತರಿಸಿ ಎಂದು ಒತ್ತಾಯಿಸುವ ಜನಪ್ರತಿನಿಧಿಗಳಿಗೆ, ಆ ಪುಟವನ್ನು ತೆಗೆದು ತೋರಿಸುವಂತಿರಲಿ.